ಪತ್ರೆಪ್ಪನ ಹೆಬ್ಬೆರಳು

ಹೊಳೆಯ ಈ ದಂಡೆಯಲ್ಲಿ ಮಠ, ಆ ದಂಡೆಯಲ್ಲಿ ಊರು, ನಡುವೆ ನನ್ನ ಹರಿಗೋಲು. ಮಠಕ್ಕೆ ಹೋದ ಉಪ್ಪು, ಎಣ್ಣೆ, ಬ್ಯಾಟರಿ ಎಲ್ಲಾ ನನ್ನ ಕೈಯಿಂದಲೇ ಹೋದದ್ದು. ಹಾಗಾಗಿ ಈ ಕಥೆಯನ್ನು ನನ್ನಷ್ಟು ಸರಿಯಾಗಿ ಹೇಳುವವರು ಇನ್ನೊಬ್ಬರಿಲ್ಲ.

ಮಠದಲ್ಲಿ ಮುರಿಗೆಯ್ಯ ಅಜ್ಜಾರು ಇದ್ದರು. ಅವರಿಗೆ ಎರಡು ವಿದ್ಯೆ. ಒಂದು ಧ್ಯಾನ, ಇನ್ನೊಂದು ರೇಡಿಯೊ.

ಹಾಡು ಕೇಳುವ ರೇಡಿಯೊ ಅಲ್ಲ. ಸರ್ಕಾರದ ಲೈಸನ್ಸು ಪಡೆದು ದೂರದವರ ಜೊತೆ ಮಾತಾಡುವ ಹ್ಯಾಮ್ ರೇಡಿಯೊ. ಗುಂಡಿ ಒತ್ತಿದರೆ ನಮ್ಮ ಮಾತು ಹೋಗುತ್ತದೆ, ಬಿಟ್ಟರೆ ಅವರ ಮಾತು ಬರುತ್ತದೆ. ಎರಡೂ ಒಟ್ಟಿಗೆ ಆಗುವುದಿಲ್ಲ. ಮಾತು ಮುಗಿಸಿದವ ‘ಓವರ್’ ಅಂದು ಗುಂಡಿ ಬಿಡಬೇಕು.

ಪ್ರಾಯದಲ್ಲಿ ಅಜ್ಜಾರು ಮಾತಿಗೆ ಕೂತರೆ ಹೊಳೆಯ ಮೊಸಳೆಗಳು ದಂಡೆಗೆ ಬಂದು ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದವು. ಒಂದು ದಿನ ನಾನೇ ಎಣಿಸಿದ್ದೇನೆ, ಹದಿನೇಳು. ಈಚೆಗೆ ಅಜ್ಜಾರು ಮಾತು ಬಿಟ್ಟು ಬರೀ ಕೇಳುತ್ತಿದ್ದರು. ಮೊಸಳೆಗಳೂ ಬೇರೆ ಕಡೆ ಹೋದವು.

ಅವರ ಶಿಷ್ಯ ಪತ್ರೆಪ್ಪ. ಇಪ್ಪತ್ತಾರರ ಪ್ರಾಯ. ಮೊದಲು ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದವ ಮಠಕ್ಕೆ ಬಂದ, ಪರೀಕ್ಷೆ ಪಾಸಾದ, ತನ್ನ ಕೈಯಾರೆ ಒಂದು ಪೆಟ್ಟಿಗೆ ಕಟ್ಟಿದ. ಅದರಲ್ಲಿ ಮೊಟ್ಟಮೊದಲು ಕೇಳಿದ ದನಿ ಮೋನಪ್ಪಣ್ಣನದು.

ಮೋನಪ್ಪಣ್ಣ ಮಂಗಳೂರು ಕಡೆಯವರು. ಸಮುದ್ರದ ನಡುವಿನ ಒಂದು ದ್ವೀಪದಲ್ಲಿ ದೀಪಸ್ತಂಭ ಕಾಯುವ ಕೆಲಸ. ದಿನಾ ಬೆಳಿಗ್ಗೆ ಏಳಕ್ಕೆ ಎಲ್ಲೆಲ್ಲಿಯೋ ಇರುವ ಕನ್ನಡದವರನ್ನು ಗಾಳಿಯಲ್ಲಿ ಕೂಡಿಸಿ, ಒಬ್ಬೊಬ್ಬರ ಹೆಸರು ಹಿಡಿದು ಮಾತಾಡಿಸುವರು.

ಎರಡು ವರ್ಷ ಪತ್ರೆಪ್ಪ ದಿನಾ ಅವರನ್ನು ಕರೆದ. ಒಮ್ಮೆಯೂ ಉತ್ತರ ಕೇಳಿಸಲಿಲ್ಲ.

ಪೆಟ್ಟಿಗೆಯ ಶಕ್ತಿ ಸಣ್ಣದು. ಅದಕ್ಕೇ ಹೆಸರುಗಳು ಮುಗಿಯುತ್ತಿದ್ದ ಹಾಗೆ ಗುಂಡಿ ಒತ್ತಿ ಹಿಡಿದು ಇಪ್ಪತ್ತು ಸಲ, ಮೂವತ್ತು ಸಲ ಕರೆಯುತ್ತಿದ್ದ. ಮೂವತ್ತರಲ್ಲಿ ಒಂದಾದರೂ ಮುಟ್ಟೀತು ಎಂದು.

“ಬೆರಳು ತಗಿಯೋ ಪತ್ರೆಪ್ಪ,” ಎನ್ನುತ್ತಿದ್ದರು ಅಜ್ಜಾರು.

“ಇನ್ನೊಂದ್ ನಾಕ್ ಸಲ ಕರೀತೀನ್ರಿ ಅಜ್ಜಾರ.”

ಕಡೆಗೆ ಬೆರಳು ತೆಗೆದು ಕಿವಿಗೊಟ್ಟರೆ ಪೆಟ್ಟಿಗೆಯಲ್ಲಿ ಸುಂಯ್ ಅನ್ನುವ ಸದ್ದು ಮಾತ್ರ.

ಒಂದು ಗುರುವಾರ ಮೋನಪ್ಪಣ್ಣ ಗಾಳಿಯಲ್ಲಿ ಹೇಳಿದರು. “ನನ್ನ ಸರ್ವಿಸು ಮುಗಿಯಿತು ಮಾರಾಯ್ರೆ. ಈ ಆದಿತ್ಯವಾರ ಕಡೇದು. ಸೋಮವಾರ ರೇಡಿಯೊ ಬಿಚ್ಚಿ ದೋಣಿ ಹತ್ತುವುದು. ಮತ್ತೆ ಇದೆಲ್ಲ ಇಲ್ಲ.”

ಪತ್ರೆಪ್ಪ ಅವತ್ತು ರೊಟ್ಟಿ ಮುಟ್ಟಲಿಲ್ಲ.

“ನನ್ನ ಪೆಟ್ಟಿಗಿ ಒಳಗ ಮೊದಲ ಬಂದ ದನಿ ಅವರದು. ಅವರು ಹೋಗೂದ್ರಾಗ ಒಮ್ಮೆ ನನ್ನ ದನಿ ಅವರಿಗೆ ಮುಟ್ಟಬೇಕ್ರಿ ಅಜ್ಜಾರ.”

ಅಜ್ಜಾರು ರೊಟ್ಟಿಯ ತಾಟನ್ನು ಅವನ ಕಡೆ ಸರಿಸಿದರು.

ಶುಕ್ರವಾರ ಅವನು ಪೇಟೆಯಿಂದ, ದನಿಯನ್ನು ಹತ್ತು ಪಟ್ಟು ದೊಡ್ಡದು ಮಾಡುವ ಒಂದು ಹೊಸ ಭಾಗ ತರಿಸಿದ. ಹೊಳೆ ತುಂಬಿ ಹರಿಯುತ್ತಿತ್ತು. ಒಂದು ಕೈಯಲ್ಲಿ ಆ ಸಾಮಾನು ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹುಟ್ಟು ಹಾಕಿ ದಾಟಿಸಿದೆ. ನಡುಹೊಳೆಯಲ್ಲಿ ಹುಟ್ಟು ಮುರಿಯಿತು. ಉಳಿದ ಹೊಳೆಯನ್ನು ಅಂಗೈಯಿಂದಲೇ ದಾಟಿದೆ.

ಪತ್ರೆಪ್ಪ ಅದನ್ನು ಪೆಟ್ಟಿಗೆಗೆ ಬೆಸೆದ. ಗುಂಡಿ ಒತ್ತಿದ.

ಟಕ್ ಟಕ್ ಟಕ್ ಟಕ್.

ಮಾತು ಹೋಗಲಿಲ್ಲ.

ಪೆಟ್ಟಿಗೆಯ ಒಳಗೆ ರಿಲೇ ಅಂತ ಒಂದು ಪುಟ್ಟ ಕೀಲು ಇರುತ್ತದೆ. ಗುಂಡಿ ಒತ್ತಿದರೆ ಅದು ಕೇಳುವ ದಾರಿ ಮುಚ್ಚಿ ಮಾತಿನ ದಾರಿ ತೆಗೆಯುತ್ತದೆ. ಒಂದೇ ಸಲ ಟಕ್ ಅನ್ನಬೇಕು. ಅದು ಈಗ ಮರಕುಟಿಗನ ಹಾಗೆ ಬಡಿದುಕೊಳ್ಳುತ್ತಿತ್ತು.

ಪತ್ರೆಪ್ಪ ರಿಲೇ ಬದಲಾಯಿಸಿದ. ಟಕ್ ಟಕ್. ಗುಂಡಿ ಬದಲಾಯಿಸಿದ. ಟಕ್ ಟಕ್. ಎಲ್ಲ ಬೆಸುಗೆ ಬಿಚ್ಚಿ ಮತ್ತೆ ಹಾಕಿದ. ಕಡೆಗೆ ಸಿಟ್ಟು ಬಂದು ಹಳೇ ರಿಲೇಯನ್ನು ಹೊಳೆಗೆ ಎಸೆದ. ಅದನ್ನು ಒಂದು ಬಾಳೆಮೀನು ನುಂಗಿತು. ಒಂದು ವಾರ ಅದು ಟಕ್ ಟಕ್ ಅನ್ನುತ್ತ ನನ್ನ ಹರಿಗೋಲಿನ ಸುತ್ತ ಸುತ್ತಿತು.

ಶನಿವಾರ ಬೆಳಿಗ್ಗೆ ಅಜ್ಜಾರು ಒಂದು ಹಳೇ ಟ್ರ್ಯಾಕ್ಟರ್ ಬಲ್ಬು ಹಿಡಿದು ಬಂದರು. ಬ್ಯಾಟರಿಯ ವೈರು ಪೆಟ್ಟಿಗೆಗೆ ಸೇರುವ ಜಾಗದಲ್ಲಿ ಅದನ್ನು ಕಟ್ಟಿದರು. ಬಲ್ಬು ಹತ್ತಿತು.

“ಈಗ ಒತ್ತು.”

ಪ್ರತಿ ಟಕ್ಕಿಗೂ ಬಲ್ಬು ಕಣ್ಣು ಮುಚ್ಚಿ ತೆರೆಯಿತು.

“ಏನ ಕಂಡಿ?”

“ಬಲ್ಬು ಸೊರಗಾಕತ್ತೈತ್ರಿ.”

“ಹಂಗಾದ್ರ ರಿಲೇಕ್ಕ ಏನು ರೋಗ?”

ಪತ್ರೆಪ್ಪ ಬಲ್ಬನ್ನೇ ನೋಡುತ್ತ ಕೂತ. ಆಮೇಲೆ ಹೇಳಿದ. “ರೋಗ ಇಲ್ರಿ, ಹಸಿವು. ಅದು ಬಾಗಲಾ ತಗದ ಕೂಡಲೇ ಹೊಸಾದು ಇದ್ದ ಕರೆಂಟೆಲ್ಲಾ ತಿಂತೈತಿ. ರಿಲೇ ಸೋತು ಬಾಗಲಾ ಬಿಡತೈತಿ. ಬಾಗಲಾ ಮುಚ್ಚಿದ್ರ ಕರೆಂಟು ತಿರುಗಿ ಬರತೈತಿ. ಮತ್ತ ತಗೀತೈತಿ.”

“ಸಣ್ಣ ವೈರಿನ ಮನಿಗೆ ಎಂಥಾ ದೊಡ್ಡ ಬೀಗರನ್ನ ಕರದೀಯೋ.”

“ದಪ್ಪ ವೈರು, ದೊಡ್ಡ ಬ್ಯಾಟರಿ ಬೇಕ್ರಿ. ಯಮನಪ್ಪ ಕಾಕಾ, ಈಗಿಂದೀಗ ಪ್ಯಾಟಿಗೆ ಹೋಗೂಣೇನು?”

ನಾನು ಎದ್ದೇ ಬಿಟ್ಟಿದ್ದೆ. ಅಜ್ಜಾರು ಕೈ ತೋರಿಸಿ ಕೂಡಿಸಿದರು.

“ಏಳಕ್ಕ ಹತ್ತು ನಿಮಿಷ ಐತಿ,” ಎಂದರು. ಪೆಟ್ಟಿಗೆಯಿಂದ, ಗುಂಡಿ ಇರುವ ಮೈಕು ಕಿತ್ತು ತಮ್ಮ ಜೋಳಿಗೆಗೆ ಹಾಕಿಕೊಂಡರು.

“ಅಜ್ಜಾರ, ಮೈಕು?”

“ಮಾತು ಹೋಗೂದಿಲ್ಲಲ್ಲ, ನಿನಗ್ಯಾಕ ಮೈಕು? ಕೂಡು.”

“ಇವತ್ತು ಹೋದ್ರ ನಾಳಿ ಒಂದ ದಿನ ಉಳೀತೈತ್ರಿ.”

“ಎರಡು ವರ್ಷದಾಗ ಒಂದು ದಿನ ಸುಮ್ಮನ ಕುಂತು ನೋಡು.”

ಏಳು ಹೊಡೆಯಿತು. ಮೋನಪ್ಪಣ್ಣನ ದನಿ ಬಂತು. ಒಬ್ಬೊಬ್ಬರ ಹೆಸರೂ ಬಂತು, ಹೋಯಿತು. ಕಡೆಯ ಹೆಸರು ಮುಗಿಯಿತು. ಗುಂಡಿ ಇಲ್ಲದಿದ್ದರೂ ಪತ್ರೆಪ್ಪನ ಹೆಬ್ಬೆರಳು ತೊಡೆಯ ಮೇಲೆ ಒತ್ತಿಕೊಂಡಿತು. ನಾನು ನೋಡಿದೆ. ಅಜ್ಜಾರೂ ನೋಡಿದರು.

“ಇನ್ನು ಎಲ್ಲರೂ ಸ್ವಲ್ಪ ಸುಮ್ಮನಿರಿ ಆಯ್ತಾ,” ಅಂದರು ಮೋನಪ್ಪಣ್ಣ. “ಸಣ್ಣ ದನಿಯವರು ಈಗ ಬನ್ನಿ.”

ಯಾರೂ ಬರಲಿಲ್ಲ.

“ನಮ್ಮ ಪತ್ರೆಪ್ಪ ಇವತ್ತು ಇಲ್ಲವಾ? ಎರಡು ವರ್ಷ ಆಯ್ತು, ಒಂದು ದಿನ ತಪ್ಪಿಸಿದವ ಅಲ್ಲ. ಸೊಳ್ಳೆ ಹಾಡಿದ ಹಾಗೆ ದನಿ, ಆದರೆ ಹೆಸರು ಸ್ಪಷ್ಟ ಕೇಳ್ತದೆ. ನಾನು ದಿನಾ ಉತ್ತರ ಕೊಡುವುದು. ಅವ ಕೇಳುವುದೇ ಇಲ್ಲ ಮಾರಾಯ್ರೆ. ನಾನು ಮಾತಾಡಿ ಮುಗಿಸಿದರೂ ಅವ ಕರೆಯುತ್ತಲೇ ಇರ್ತಾನೆ. ಹುಷಾರಿಲ್ಲವೋ ಏನೋ ಪಾಪ.”

ಪತ್ರೆಪ್ಪ ಜೋಳಿಗೆಯ ಕಡೆ ನೋಡಿದ. ಅಜ್ಜಾರು ಜೋಳಿಗೆಯ ಮೇಲೆ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದ್ದರು.

ಆಮೇಲೆ ಅವನು ಪೇಟೆಯ ಮಾತು ಎತ್ತಲಿಲ್ಲ. ಸಂಜೆಯವರೆಗೆ ಕೂತು ಹೊಸ ಭಾಗವನ್ನು ಕಿತ್ತ. ಪೆಟ್ಟಿಗೆಯ ಹೊಟ್ಟೆಯನ್ನು ಮೊದಲು ಇದ್ದ ಹಾಗೇ ಹೊಲಿದ. ಅಷ್ಟು ಚೊಕ್ಕ ಬೆಸುಗೆಯನ್ನು ನಾನು ಮೂರು ಜಿಲ್ಲೆಯಲ್ಲಿ ಕಂಡಿಲ್ಲ.

ಭಾನುವಾರ ಅಜ್ಜಾರು ತಾವಾಗಿ ಮೈಕು ಕೊಟ್ಟರು.

ಹೆಸರುಗಳು ಮುಗಿದವು. ಮೋನಪ್ಪಣ್ಣ ಸಣ್ಣ ದನಿಯವರನ್ನು ಕರೆದರು. ಪತ್ರೆಪ್ಪ ಗುಂಡಿ ಒತ್ತಿದ. ಒಂದೇ ಟಕ್.

“ಮೋನಪ್ಪಣ್ಣ, ಪತ್ರೆಪ್ಪ ಕರೀತೀನ್ರಿ. ಓವರ್.”

ಬೆರಳು ತೆಗೆದ. ಒಂದೇ ಟಕ್.

“ಅಂತೂ ಸಿಕ್ಕಿದಿಯಲ್ಲ ಮಾರಾಯ,” ಅಂತು ಪೆಟ್ಟಿಗೆ. “ಹೇಳು, ಎರಡು ವರ್ಷ ಏನು ಹೇಳಲಿಕ್ಕೆ ಅಷ್ಟು ಕರೆದದ್ದು? ಓವರ್.”

ಪತ್ರೆಪ್ಪ ಗುಂಡಿಯನ್ನು ಮತ್ತೆ ಒತ್ತಿದ. “ನನ್ನ ಕೈಯಾರೆ ಕಟ್ಟಿದ ಪೆಟ್ಟಿಗಿ ಒಳಗ ಮೊದಲ ಬಂದ ದನಿ ನಿಮ್ಮದ್ರಿ. ಓವರ್.”

ಬೆರಳು ತೆಗೆದ. ಸುಂಯ್ ಅಂತ ಸದ್ದು. ಸಮುದ್ರದ್ದೋ ಏನೋ.

“ಹಾಗಾದರೆ ನನ್ನ ಪೆಟ್ಟಿಗೆಯಲ್ಲಿ ಕಡೇ ದನಿ ನಿನ್ನದೇ ಇರಲಿ. ಇವತ್ತು ಇನ್ಯಾರೂ ಬರುವುದು ಬೇಡ.”

ಯಾರೂ ಬರಲಿಲ್ಲ. ಇಬ್ಬರೂ ಅರ್ಧ ತಾಸು ಮಾತಾಡಿದರು. ಆ ಹೊತ್ತಿನಲ್ಲಿ ಹೊಳೆ ಹರಿಯುವುದನ್ನು ನಿಲ್ಲಿಸಿತ್ತು. ನನ್ನ ಹರಿಗೋಲು ನೀರಿನ ಮೇಲೆ ಅಲುಗಾಡದೆ ನಿಂತಿತ್ತು ಎಂದರೆ ನೋಡಿ.

ಮುಗಿದ ಮೇಲೆ ಪತ್ರೆಪ್ಪ ಅಜ್ಜಾರ ಮುಂದೆ ಕೂತ.

“ಅಜ್ಜಾರ, ಇದು ನಿಮಗ ಮೊದಲ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

“ಮತ್ತ ನನಗ್ಯಾಕ ಹೇಳಲಿಲ್ರಿ?”

“ದಿನಾ ಹೇಳೀನಿ. ಆವಾಗ ನಿನ್ನ ಬೆರಳು ಗುಂಡಿ ಮ್ಯಾಲಿತ್ತು.”