ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ

"ಬುದ್ಧಿ, ಇಂಗ್ಲಿಷಿನ 'ಅಡ್ಜಸ್ಟ್' ಅನ್ನೋ ಮಾತಿಗೆ ನಿಜವಾದ ಅರ್ಥ ಯಾವುದು?"

ಮಠದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಶಿಷ್ಯ ಚೆನ್ನವೀರ ಹೀಗೆ ಕೇಳಿದಾಗ ಗುರುಗಳು ಜಗುಲಿಯ ಮೇಲೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಗದ್ದುಗೆ ಪೂಜೆ ಹತ್ತಿರ ಬಂದರೆ ಅಡುಗೆಮನೆಯ ಕೆಲಸಕ್ಕೆ ಗುರುಗಳೂ ಕೈಹಾಕುವುದು ಆ ಮಠದ ರೂಢಿ.

"ಇದ್ದಕ್ಕಿದ್ದ ಹಾಗೆ ಯಾಕಪ್ಪ ಬಂತು ಆ ಮಾತು?"

"ಮಕ್ಕಳು ಕೇಳಿದರು ಬುದ್ಧಿ. ನಿಘಂಟು ತೆಗೆದರೆ ಹೊಂದಿಸು, ಸರಿಪಡಿಸು ಅಂತ ಇದೆ. ನಮ್ಮ ಜನ ಮಾತ್ರ ಎಲ್ಲದಕ್ಕೂ ಅದನ್ನೇ ಹಚ್ಚುತ್ತಾರೆ. ಬಸ್ಸಿನಲ್ಲಿ ಅಂದರೆ ಸರಿದು ಕೂತುಕೋ ಅಂತ. ಅಂಗಡಿಯಲ್ಲಿ ಅಂದರೆ ಬೆಲೆ ಇಳಿಸು ಅಂತ. ಆಫೀಸಿನಲ್ಲಿ ಕಣ್ಣು ಮುಚ್ಚಿಕೋ ಅಂತ, ಬೀಗರ ಮನೆಯಲ್ಲಿ ಬಾಯಿ ಮುಚ್ಚಿಕೋ ಅಂತ." ಚೆನ್ನವೀರ ನಕ್ಕ. "ಬೆಳಿಗ್ಗೆ ನಾನೂ ಅದನ್ನೇ ಬಳಸಿದೆ ನೋಡಿ. ನಮ್ಮ ಅಡುಗೆಯ ಪುಟ್ಟನಂಜಮ್ಮ ಬಂದು, ಮಗಳಿಗೆ ದಿನ ತುಂಬಿದೆ, ಇವತ್ತೇ ಊರಿಗೆ ಹೋಗಬೇಕು ಅಂದರು. ಪೂಜೆ ಮುಗಿಯೋವರೆಗೂ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅಮ್ಮ ಅಂದೆ. ಆಯ್ತು ಸ್ವಾಮಿ ಅಂತ ಒಲೆ ಮುಂದೆ ಹೋದರು. ಪಾಪ, ಬಂಗಾರದಂಥ ಹೆಂಗಸು."

ಗುರುಗಳ ಕೈ ನಿಂತಿತು.

"ಭಲೆ ಮೇಷ್ಟ್ರೇ! ಅಷ್ಟು ಅರ್ಥ ಗೊತ್ತಿದ್ದೂ ನನ್ನನ್ನು ಕೇಳಲು ಬಂದೆಯಾ? ಕೂತುಕೋ. ನೀನೂ ನಾಲ್ಕು ಕಾಯಿ ಬಿಡಿಸು. ಒಂದು ಕತೆ ಹೇಳುತ್ತೇನೆ" ಎಂದರು.

ಒಬ್ಬ ಹೆಂಗಸು ಪಟ್ಟಣದ ಬಸ್ಸು ಹತ್ತಿದಳು. ಅವಳ ತಾಯಿಗೆ ಅಂದು ಅಲ್ಲಿಯ ಆಸ್ಪತ್ರೆಯಲ್ಲಿ ದೊಡ್ಡ ಆಪರೇಷನ್. ಒಳಗೆ ಕರೆದೊಯ್ಯುವ ಮೊದಲು ಒಮ್ಮೆ ಮಗಳ ಮುಖ ನೋಡಬೇಕು ಎಂದು ತಾಯಿ ಹೇಳಿಕಳಿಸಿದ್ದಳು. ಬಸ್ಸು ಆಸ್ಪತ್ರೆಯ ಎದುರಿಗೇ ನಿಲ್ಲುತ್ತದೆ. ನಿಂತ ಕೂಡಲೇ ಇಳಿದು ಓಡಬೇಕು ಎಂದು ಅವಳು ಬಾಗಿಲ ಪಕ್ಕದ ಸೀಟನ್ನೇ ಹಿಡಿದು ಕೂತಳು. ವೇಳೆಗೆ ಸರಿಯಾಗಿ ಮುಟ್ಟುವ ಬಸ್ಸು ಅದೊಂದೇ.

ಸ್ವಲ್ಪ ದೂರ ಹೋದ ಮೇಲೆ ಒಬ್ಬ ವ್ಯಾಪಾರಿ ಹತ್ತಿದ. ಅವಳ ಸೀಟಿನಲ್ಲಿ ಆಗಲೇ ಮೂವರಿದ್ದರು. "ಅಮ್ಮ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದ. ಮೂವರ ಸೀಟಿಗೆ ನಾಲ್ಕನೆಯವನು ಬರುವುದು ನಮ್ಮಲ್ಲಿ ಹೊಸದಲ್ಲವಲ್ಲ. ಅವಳು ಒತ್ತಿಕೊಂಡು ಜಾಗ ಕೊಟ್ಟಳು. ಅವನನ್ನು ಬೈಯಬೇಡ. ಬೆಳಗಿನಿಂದ ಸಂತೆಯಲ್ಲಿ ನಿಂತು ನಿಂತು ಅವನ ಕಾಲು ಬಾತಿದ್ದವು.

ಆಮೇಲೆ ಗಂಡ ಹೆಂಡಿರು ಹತ್ತಿದರು. ಹೆಂಡತಿಯ ಕೈಯಲ್ಲಿ ಕೂಸು. "ಅಕ್ಕಾ, ಇವಳು ಮಗೂಗೆ ಹಾಲು ಕೊಡಬೇಕು. ನೀವು ಹಿಂದಿನ ಸೀಟಿಗೆ ಹೋಗಿ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದ ಗಂಡ. ಹಸಿದ ಕೂಸಿಗೆ ಇಲ್ಲ ಅನ್ನುವುದುಂಟೇ? ಅವಳು ಎದ್ದಳು, ಹಿಂದೆ ಹೋದಳು. ಅಲ್ಲಿಗೂ ಒಬ್ಬ ಮುದುಕ ಕೋಲೂರಿಕೊಂಡು ಬಂದ. ಅವನು ಬಾಯಿ ತೆರೆಯಲೂ ಇಲ್ಲ, ಪಕ್ಕದವರೇ ಅವಳಿಗೆ ಹೇಳಿದರು, ಅಡ್ಜಸ್ಟ್ ಮಾಡ್ಕೊಳ್ಳಿ ಅಮ್ಮ ಅಂತ. ಅವಳು ಮತ್ತೆ ಎದ್ದಳು. ಈಗ ಬಸ್ಸಿನ ಕೊನೆಯ ಮೂಲೆಯಲ್ಲಿ ಮೂಟೆಗಳ ನಡುವೆ ನಿಂತಿದ್ದಳು. ಬಾಗಿಲಿಗೂ ಅವಳಿಗೂ ನಡುವೆ ಕಾಲಿಡಲು ಜಾಗವಿಲ್ಲದಷ್ಟು ಜನ.

"ಎಲ್ಲರೂ ಅವಳೊಬ್ಬಳನ್ನೇ ಯಾಕೆ ಕೇಳಿದರು, ಹೇಳು ನೋಡೋಣ?" ಎಂದು ಗುರುಗಳು ನಡುವೆ ನಿಲ್ಲಿಸಿದರು. ಉತ್ತರಕ್ಕೆ ಕಾಯಲಿಲ್ಲ. "ಅಲ್ಲೇ ಒಬ್ಬ ಗಟ್ಟಿಮುಟ್ಟಾದ ಆಸಾಮಿ ಕಾಲು ಚಾಚಿಕೊಂಡು ಗೊರಕೆ ಹೊಡೆಯುತ್ತಿದ್ದ. ಅವನನ್ನು ಎಬ್ಬಿಸುವ ಧೈರ್ಯ ಯಾರಿಗಿದೆ? ಇವಳು ಮೊದಲನೆಯ ಸಲ ಸರಿದದ್ದನ್ನು ಇಡೀ ಬಸ್ಸು ನೋಡಿತ್ತು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅನ್ನೋ ಗಾದೆ ಸುಮ್ಮನೆ ಹುಟ್ಟಿತೇನಯ್ಯ?"

ಆಸ್ಪತ್ರೆ ಬಂತು. ಬಸ್ಸು ನಿಂತಿತು. "ಇಳಿಯೋರಿದ್ದೀವಿ, ಇಳಿಯೋರಿದ್ದೀವಿ" ಎಂದು ಅವಳು ಕೂಗಿದಳು. ಕೂಗಿ ಅಭ್ಯಾಸವಿಲ್ಲದ ಗಂಟಲು, ದನಿ ನಾಲ್ಕು ಜನರನ್ನು ದಾಟಲಿಲ್ಲ. ಕಂಡಕ್ಟರ್ ಕತ್ತೆತ್ತಿ ನೋಡಿದ. ಅಷ್ಟು ಜನರನ್ನು ಕೆಳಗಿಳಿಸಿ ಮತ್ತೆ ಹತ್ತಿಸಬೇಕು. ಅವನಿಗೂ ಆಗಲೇ ತಡವಾಗಿತ್ತು. "ಈ ರಷ್ಷಲ್ಲಿ ಆಗಲ್ಲ ತಾಯಿ, ಮುಂದಿನ ಸ್ಟಾಪಲ್ಲಿ ಇಳಿದು ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದು ರೈಟ್ ಹೇಳಿಬಿಟ್ಟ.

ಮುಂದಿನ ಸ್ಟಾಪು ಊರಾಚೆ ಇತ್ತು. ಅವಳು ಇಳಿದು, ಸೆರಗು ಸಿಕ್ಕಿಸಿಕೊಂಡು, ಬಂದ ದಾರಿಯಲ್ಲೇ ಓಡಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಾಯಿಯನ್ನು ಒಳಗೆ ಕರೆದೊಯ್ದಿದ್ದರು. ತಮ್ಮ ಹೊರಗೆ ನಿಂತಿದ್ದ. "ಎಲ್ಲಿ ಹೋಗಿದ್ದೆ ಅಕ್ಕಾ? ಬಾಗಿಲು ಹಾಕೋವರೆಗೂ ಅವ್ವ ಕತ್ತು ಹೊರಳಿಸಿ ನಿನ್ನನ್ನೇ ಹುಡುಕ್ತಿತ್ತಲ್ಲಾ" ಎಂದು ಅತ್ತ.

ಆ ತಾಯಿ ಮತ್ತೆ ಕಣ್ಣು ಬಿಡಲಿಲ್ಲ.

ಗುರುಗಳು ಇನ್ನೊಂದು ಹುರುಳಿಕಾಯಿ ಎತ್ತಿಕೊಂಡು ನಾರು ಎಳೆದರು. 

ಚೆನ್ನವೀರನಿಗೆ ಸಂಕಟವಾಯಿತು. "ಅಯ್ಯೋ, ಅವಳು ಬಾಯಿಬಿಟ್ಟು ಹೇಳಬಹುದಿತ್ತಲ್ಲ ಬುದ್ಧಿ! ನಮ್ಮವ್ವನಿಗೆ ಹೀಗಾಗಿದೆ ಅಂದಿದ್ದರೆ ಯಾರು ತಾನೇ ದಾರಿ ಬಿಡುತ್ತಿರಲಿಲ್ಲ? ಬಸ್ಸಿನಲ್ಲಿದ್ದವರೇನು ಕೆಟ್ಟವರೇ?"

"ಛೇ ಛೇ, ಕೆಟ್ಟವರು ಯಾರಿದ್ದರು? ಎಲ್ಲರೂ ಒಳ್ಳೆಯವರೇ. ಅವಳು ಎದ್ದಾಗಲೆಲ್ಲ, ಪಾಪ, ಬಂಗಾರದಂಥ ಹೆಂಗಸು ಅಂದರು. ಎಲ್ಲಿಗೆ ಹೊರಟೆ ತಾಯಿ, ಏನು ಕೆಲಸ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ."

 ಒಳಗಿನಿಂದ ಪುಟ್ಟನಂಜಮ್ಮ ಒಲೆ ಊದುವ ಸದ್ದು ಕೇಳಿಸುತ್ತಿತ್ತು. ಚೆನ್ನವೀರ ತಗ್ಗಿದ ದನಿಯಲ್ಲಿ, "ಹಾಗಾದರೆ ಆ ಮಾತಿನ ಅರ್ಥ, ಬುದ್ಧಿ?" ಎಂದ.

ಗುರುಗಳು ಅಡುಗೆಮನೆಯ ಕಡೆಗೆ ಒಮ್ಮೆ ನೋಡಿ ಮೆಲ್ಲಗೆ ಕೇಳಿದರು:

"ಪುಟ್ಟನಂಜಮ್ಮನ ಮಗಳ ಮೊದಲನೇ ಕೂಸು ಯಾಕೆ ಉಳಿಯಲಿಲ್ಲ ಅಂತ ಕೇಳಿದೆಯೇನಪ್ಪ?"