ಪದ್ಮಲೆಯ ಮೂರನೆಯ ಒಗಟು

"ರಾಜಕುಮಾರಿ ಪದ್ಮಲೆಯವರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಒಡೆದವನಿಗೆ ಅವರನ್ನು ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ಒಂದು ತಪ್ಪಿದರೂ ಹುಣ್ಣಿಮೆಗೆ ತಲೆದಂಡ."

ಹೀಗೆಂದು ಅರಸ ಊರೂರಿಗೆ ಡಂಗುರ ಹೊಡೆಸಿದ. ರಾಣಿ ತೀರಿಕೊಂಡ ಮೇಲೆ ಮಗಳು ಒಗಟು ಬಿಟ್ಟು ಬೇರೆ ಮಾತೇ ಆಡುತ್ತಿರಲಿಲ್ಲ. ಅವನಿಗೂ ಇನ್ನೊಂದು ದಾರಿ ತೋಚಲಿಲ್ಲ.

ಡಂಗುರ ಕೆರೆಯಂಚಿನ ದುಗ್ಗನ ಕಿವಿಗೂ ಬಿತ್ತು. ಜೊಂಡು ಕೊಯ್ದು ಚಾಪೆ ಹೆಣೆಯುವುದು ಅವನ ಕಸುಬು. ಸಂತೆಯ ದಿನ ಬಿಟ್ಟರೆ ಅವನನ್ನು ಮಾತಾಡಿಸುವವರಿರಲಿಲ್ಲ. ತನ್ನ ತಲೆ ಹೋದರೆ ಅಳುವವರಾದರೂ ಯಾರು ಎಂದುಕೊಂಡು ಬಾಗಿಲೆಳೆದು ಹೊರಟ.

ಆಸ್ಥಾನದಲ್ಲಿ ಅವನಿಗಿಂತ ಮುಂದೆ ಇಬ್ಬರು ರಾಜಕುಮಾರರು ನಿಂತಿದ್ದರು. ಪದ್ಮಲೆ ಯಾರ ಮುಖವನ್ನೂ ನೋಡದೆ ಕೇಳಿದಳು. "ಗಾರೆಯವನಿಲ್ಲ, ಅಳತೆಯ ಹಗ್ಗವಿಲ್ಲ. ಸಾವಿರ ಕೋಣೆ, ಒಂದೊಂದಕ್ಕೂ ಆರಾರು ಗೋಡೆ. ಅದಾವ ಮನೆ?"

ಮೊದಲನೆಯವನು ಹುತ್ತ ಎಂದ. ಭಟರು ಅವನನ್ನು ಸೆರೆಮನೆಗೆ ಒಯ್ದರು. ಎರಡನೆಯವನು ಜೇನುಗೂಡು ಎಂದು ಗೆದ್ದು ಮೀಸೆ ತಿರುವಿದ. ದುಗ್ಗನೂ ತನ್ನ ಸರದಿಯಲ್ಲಿ ಅದನ್ನೇ ಹೇಳಿದ.

"ಬೇರಿಲ್ಲದ ಬಳ್ಳಿ. ಕಲ್ಲುಗಳನ್ನು ಬಳಸಿ ಬಳಸಿ, ಹೊರಟಲ್ಲಿಗೇ ಬಂದು ಸೇರುತ್ತದೆ. ಬೆಳಿಗ್ಗೆ ಹುಟ್ಟಿ ಸಂಜೆಯೊಳಗೆ ಕಾಲಡಿ ಸಾಯುತ್ತದೆ. ಅದೇನು?"

ಮೀಸೆಯ ರಾಜಕುಮಾರ ನೆರಳು ಎಂದ. ಅವನನ್ನೂ ಒಯ್ದರು.

ಆ ಬಳ್ಳಿಯನ್ನು ದುಗ್ಗ ಬಲ್ಲ. ತಾಯಿ ಇದ್ದಾಗ ದಿನಾ ಅದನ್ನು ದಾಟಿಯೇ ಹೊರಗೆ ಹೋಗುತ್ತಿದ್ದ. ಅದು ರಂಗೋಲಿ, ಚುಕ್ಕಿಗಳೇ ಕಲ್ಲು, ಎಳೆಯೇ ಬಳ್ಳಿ ಎಂದ. ಪದ್ಮಲೆ ಮೊದಲ ಸಲ ತಲೆಯೆತ್ತಿದಳು.

"ಜೊತೆಯಲ್ಲಿದ್ದವರು ಕಲಿಸಿದ್ದು, ಅವರು ಹೋದರೂ ಹೋಗದು. ಮನಸ್ಸು ಮರೆತರೂ ಕೈ ಮರೆಯದು. ಒಂಟಿ ಮನೆಯಲ್ಲಿ ಇನ್ನೂ ಬಲಿಯುತ್ತದೆ. ಅದೇನು?"

ದುಗ್ಗ ತನ್ನ ಅಂಗೈಗಳನ್ನೇ ನೋಡಿಕೊಂಡ. ಭಟರು ಒಂದು ಹೆಜ್ಜೆ ಮುಂದಿಟ್ಟರು.

"ರೂಢಿ, ಅಮ್ಮಣ್ಣಿ," ಎಂದ. "ಅವ್ವ ಸತ್ತು ವರ್ಷವಾಯಿತು. ಈಗಲೂ ನನ್ನ ಕೈ ಇಬ್ಬರಿಗೆ ಮುದ್ದೆ ಕಟ್ಟುತ್ತದೆ. ಕಟ್ಟಿದ ಮೇಲೆ ನೆನಪಾಗುತ್ತದೆ."

ಪದ್ಮಲೆಯ ಕಣ್ಣು ತುಂಬಿತು. ತಾನು ಈಗಲೂ ಊಟಕ್ಕೆ ಕೂತಾಗ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿಸುವುದು ತಾಯಿಗೆಂದು ಅವಳು ಯಾರಿಗೂ ಹೇಳಿರಲಿಲ್ಲ, ಅವನಿಗೆ ಹೇಳಿದಳು.

ಅರಸ ಅರ್ಧ ರಾಜ್ಯವನ್ನು ಧಾರೆಯೆರೆಯಲು ಎದ್ದ. ದುಗ್ಗ ಮೊದಲು ಸೆರೆಯಲ್ಲಿದ್ದವರನ್ನು ಬಿಡಿಸಬೇಕೆಂದು ಬೇಡಿಕೊಂಡ. ಅರಸ ಒಪ್ಪಿದ. ಅದೇ ವಾರ ಮದುವೆಯಾಯಿತು.

ನೆಂಟರೆಲ್ಲ ಹೋದ ಮರುದಿನ ಪದ್ಮಲೆ ಊಟಕ್ಕೆ ನಾಲ್ಕು ಎಲೆ ಹಾಕಿಸಿದಳು. ಇಬ್ಬರೂ ಕೂತರು. ಎದುರಿನ ಎರಡು ಎಲೆಗೂ ಬಡಿಸಿದ ಮೇಲೆಯೇ ತಾವು ತುತ್ತೆತ್ತಿದರು.