ಕೋಳಿಪುಕ್ಕ ಹಿಡಿದ ಅಜ್ಜನವರು

ಬನ್ನಿ, ಕಾಲು ಚಾಚಿ ಕೂಡ್ರಿ. ಕೈಯಾಗಿನ ಕೆಲಸ ತುಸು ಬದಿಗಿಟ್ಟು ಪೂಜ್ಯ ಅಡವಯ್ಯಜ್ಜನವರ ಈ ಪ್ರಸಂಗ ಕೇಳಿ. ಇದರಲ್ಲಿ ತಪ್ಪು ಮಾಡಿದವಳು ನಾನೇ. ಮೊದಲೇ ಹೇಳಿಬಿಡುತ್ತೇನೆ.

ಊರಿಗೆಲ್ಲ ಗುರುವಾಗಿದ್ದ ಅಜ್ಜನವರು ಹಳ್ಳದ ದಂಡೆಯ ತಗಡಿನ ಮನೆಯಲ್ಲಿ ಇರುತ್ತಿದ್ದರು. ಒಂದು ಕಂಬಳಿ, ಒಂದು ತಂಬಿಗೆ, ಅಷ್ಟೇ ಅವರ ಸಂಸಾರ. ನಾನು ದಿನಾ ಮುಂಜಾನೆ ಬುಟ್ಟಿ ತುಂಬ ಸೇವಂತಿಗೆ, ಚೆಂಡುಹೂವು ತಂದು ಅವರ ಪಾದಕ್ಕೆ ಸುರಿಯುತ್ತಿದ್ದೆ. ಉಳಿದ ಹೆಂಗಸರಿಗೆ, "ನಿಮ್ಮ ಎರಡು ಹೂವಿಗೆ ಅಜ್ಜಾರು ಕಣ್ಣೂ ತೆರೆಯಂಗಿಲ್ಲ ತಗೀರಿ" ಎಂದು ಕುಟುಕುತ್ತಲೂ ಇದ್ದೆ. ಆ ಹೂವು ನನ್ನ ಹಿತ್ತಲದ್ದಲ್ಲ. ಹುಸೇನವ್ವನ ಸೇಬಿನ ತೋಟದ್ದು.

ಒಂದು ಮುಂಜಾನೆ ಹುಸೇನವ್ವನೇ ಅಳುತ್ತ ಬಂದಳು.

"ಅಜ್ಜಾರ, ಜೇನಹುಳ ಬರ್ಲಿ ಅಂತ ಸೇಬಿನ ಸಾಲಿನ ನಡುವ ಹೂವಿನ ಗಿಡ ಹಚ್ಚಿದ್ದೆ. ಯಾರೋ ಒಂದೂ ಬಿಡದಂಗ ಹರಕೊಂಡು ಹೋಗ್ತಾರ್ರಿ. ಈಗ ಸೇಬು ಹೂಬಿಟ್ಟೈತಿ, ಒಂದು ಹುಳಾನೂ ಸುಳೀವಲ್ದು. ಈ ಸಲ ಕಾಯಿ ಹಿಡೀದಿದ್ರ ಗಿಡ ಕಡಸ್ತೀನಿ ಅಂತಾನ ನಮ್ಮ ಮೈದುನ."

ಅಷ್ಟರಲ್ಲಿ ಅವಳ ಕಣ್ಣು ಅಜ್ಜನವರ ಪಾದದ ಮೇಲಿನ ಹೂವಿನ ರಾಶಿಗೆ ಬಿತ್ತು.

ನಾನು ಸುಮ್ಮನಿರಬೇಕಿತ್ತು. "ದೇವರಿಗಂತ ತಂದದ್ದು, ಅದೇನು ಕಳವ?" ಎಂದುಬಿಟ್ಟೆ.

ಅಜ್ಜನವರು ನನ್ನ ಕಡೆ ನೋಡಲಿಲ್ಲ. ಮೆಲ್ಲಗೆ ಎದ್ದು ಹುಸೇನವ್ವನ ಮುಂದೆ ಮೊಣಕಾಲೂರಿ ನೆಲಕ್ಕೆ ಹಣೆ ಹಚ್ಚಿದರು.

"ಕದ್ದ ಹೂವು ತಿಂಗಳಗಟ್ಟಲೆ ನನ್ನ ಕಾಲ ಮ್ಯಾಲೆ ಬಿದ್ದಾವು ತಾಯಿ. ಕೇಳದ ಇಸಗೊಂಡೆ. ಕಳ್ಳ ನಾನು."

ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು.

ಅಜ್ಜನವರು ಅಂದೇ ತೋಟಕ್ಕೆ ನಡೆದರು. ಒಂದು ಪುಕ್ಕ ಕೇಳಿದರು. ಹುಸೇನವ್ವನ ಹತ್ತಿರ ಇದ್ದದ್ದು ಕೋಳಿಪುಕ್ಕ. ಮಾಂಸ ಮುಟ್ಟದ ಸ್ವಾಮಿಗಳ ಕೈಗೆ ಹೇಗೆ ಕೊಡಲಿ ಎಂದು ಅವಳು ಹಿಂಜರಿದಳು. ಅಜ್ಜನವರೇ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. ಜೇನುಹುಳ ಮಾಡಬೇಕಾದ ಕೆಲಸವನ್ನು ಆ ಎಪ್ಪತ್ತರ ಜೀವ ಮೂರು ದಿನ ಮಾಡಿತು, ಒಂದು ಗಿಡದ ಹೂವಿನ ಪುಡಿ ಇನ್ನೊಂದರ ಹೂವಿಗೆ ಸವರುತ್ತ.

ನಾನು ಬೇಲಿಯ ಹೊರಗೆ ನಿಂತಿದ್ದೆ. ಬಾ ಅನ್ನಲಿಲ್ಲ ಯಾರೂ, ಹೋಗು ಅನ್ನಲೂ ಇಲ್ಲ. ಎರಡನೆಯ ದಿನ ಹುಸೇನವ್ವ ಒಂದು ಪುಕ್ಕ ತಂದು ನನ್ನ ಕೈಯಲ್ಲಿಟ್ಟಳು. "ಮ್ಯಾಲಿನ ಟೊಂಗಿ ನನಗ ನಿಲುಕಂಗಿಲ್ಲ. ನೀ ಉದ್ದಕ ಅದಿ, ಬಾ."

ಹದಿನಾರು ಗಿಡಗಳಲ್ಲಿ ಒಂಬತ್ತು ಗಿಡ ಕಾಯಿ ಹಿಡಿದವು. ಮೈದುನ ಕಡಿಯುವ ಮಾತು ಬಿಟ್ಟ. ಮುಂದೆ ಜೇನುಹುಳ ಬರಲೆಂದು ತಾನೇ ಸಾಲಿನ ನಡುವೆ ಕೊತ್ತಂಬರಿ, ಈರುಳ್ಳಿ ಹಾಕಿದ. ಅಜ್ಜನವರು ನಾಲ್ಕು ವರ್ಷಕ್ಕೆ ಲಿಂಗೈಕ್ಯರಾದರು. ಅಲ್ಲಿಯವರೆಗೂ ಯಾರು ಏನು ತಂದರೂ, ಯಾರದೆಂದು ಕೇಳದೆ ಮುಟ್ಟಲಿಲ್ಲ. ನಾನು ಪ್ರತಿವರ್ಷ ಹೂಬಿಡುವ ಕಾಲಕ್ಕೆ ಹುಸೇನವ್ವನ ತೋಟಕ್ಕೆ ಕೆಲಸಕ್ಕೆ ಹೋದೆ, ಕರೆಯುವ ಮೊದಲೇ. ಅವಳು ಇನ್ನೂ ಹತ್ತೊಂಬತ್ತು ವರ್ಷ ಬದುಕಿದಳು. ಒಂದು ದಿನವೂ ಆ ಮಾತು ಎತ್ತಿ ನನ್ನನ್ನು ಅನ್ನಲಿಲ್ಲ. ಅಂದಿದ್ದರೆ ಚಲೋ ಇತ್ತು.